ಬೆನ್ನುನೋವಿಗೊಂದು ಸನ್ನೆಯ ಲೆಕ್ಕ

ಮಕ್ಕಳೇ, ಸನ್ನೆಯ ಪಾಠ ನೆನಪಿದೆಯಲ್ಲ? ಆನಿಕೆಯಿಂದ ದೂರ ಹೆಚ್ಚಾದಷ್ಟೂ ಭಾರದ ಪರಿಣಾಮ ಹೆಚ್ಚು. ನಮ್ಮ ದೇಹದಲ್ಲೂ ಇದೇ ಲೆಕ್ಕ.

ಸ್ತನವೆಂದರೆ ಕೊಬ್ಬು, ಹಾಲಿನ ಗ್ರಂಥಿ ಮತ್ತು ಇವನ್ನು ಹಿಡಿದಿಡುವ ನಾರಿನಂಥ ಅಂಗಾಂಶ. ಗಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ, ಅದು ಸಹಜ. ಆದರೆ ಕೆಲವರಲ್ಲಿ ವಿಪರೀತ ಬೆಳೆಯುತ್ತದೆ. ಬೆನ್ನುಮೂಳೆಯಿಂದ 12 ಸೆಂ.ಮೀ. ಮುಂದೆ 1.5 ಕಿಲೋ ಹೆಚ್ಚುವರಿ ಭಾರ ಇದೆ ಅಂದುಕೊಳ್ಳಿ. 5 ಸೆಂ.ಮೀ. ಹಿಂದಿರುವ ಸ್ನಾಯು ಅದನ್ನು ಸರಿದೂಗಿಸಲು 3.6 ಕಿಲೋ ಭಾರದಷ್ಟು ಎಳೆಯಬೇಕು (1.5 × 12 = 3.6 × 5). ಅದೂ ದಿನವಿಡೀ! ಅದಕ್ಕೇ ಕತ್ತು, ಹೆಗಲು, ಬೆನ್ನು ನೋಯುತ್ತವೆ. ಒಳ ಉಡುಪಿನ ಪಟ್ಟಿ ಒತ್ತಿ ಹೆಗಲಲ್ಲಿ ಕುಳಿ ಬೀಳುತ್ತದೆ. ಬೆವರು ನಿಂತು ಚರ್ಮ ಕೆರೆತ ಬರುತ್ತದೆ.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ಅರಿವಳಿಕೆ ಕೊಟ್ಟು ಹೆಚ್ಚುವರಿ ಕೊಬ್ಬು, ಗ್ರಂಥಿ, ಚರ್ಮ ತೆಗೆಯುತ್ತಾರೆ. ಮೊಲೆತೊಟ್ಟನ್ನು ಸಾಮಾನ್ಯವಾಗಿ ರಕ್ತನಾಳಗಳಿರುವ ಅಂಗಾಂಶದ ಜೊತೆಗೇ ಮೇಲಕ್ಕೆ ಸರಿಸುತ್ತಾರೆ. ರಕ್ತ ಸಿಗದಿದ್ದರೆ ಅದು ಉಳಿಯದು. ಗಾಯದ ಗುರುತು ಉಳಿಯುತ್ತದೆ. ಸ್ಪರ್ಶಜ್ಞಾನವೂ ಮುಂದೆ ಹಾಲೂಡಿಸುವ ಶಕ್ತಿಯೂ ಕಡಿಮೆಯಾಗಬಹುದು. ಬೆಳೆಯುವ ವಯಸ್ಸಲ್ಲಿ ಮಾಡಿದರೆ ಸ್ತನ ಮತ್ತೆ ದೊಡ್ಡದಾಗಬಹುದು. ಆದ್ದರಿಂದ ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುವವರೆಗೆ ಕಾಯುತ್ತಾರೆ.

ಹೆಣ್ಣುಮಕ್ಕಳೇ, ಇಂಥ ನೋವಿದ್ದರೆ ಮುಚ್ಚಿಡಬೇಡಿ. ಅಮ್ಮನಿಗೋ ಟೀಚರಿಗೋ ಹೇಳಿ. ಧರ್ಮಪುರಿ, ಸೇಲಂ ಎರಡೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮೊದಲು ಅಲ್ಲಿನ ವೈದ್ಯರಿಗೆ ತೋರಿಸಿ. ಹುಡುಗರೇ, ಬೆನ್ನು ಬಗ್ಗಿಸಿ ನಡೆಯುವ, ಆಟಕ್ಕೆ ಬಾರದೆ ಕೂರುವ ಗೆಳತಿಯನ್ನು ಗೇಲಿ ಮಾಡುವ ಮುನ್ನ ಈ ಲೆಕ್ಕವನ್ನೊಮ್ಮೆ ಮಾಡಿ ನೋಡಿ.