ಒಂಟಿ ಹೆಗಲು ಬೇಡ, ಮಗೂ

ಮಗೂ, ಅತ್ತೆಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದಂದಿನಿಂದ ಮನೆಯ ಭಾರವೆಲ್ಲ ನಿನ್ನ ಮೇಲೆ ಬಿದ್ದಿದೆ. ನೀನು ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತೀಯ, ಅದರಲ್ಲಿ ನನಗೆ ಸಂಶಯವಿಲ್ಲ. ಲಕ್ವ ಹೊಡೆದ ಯಜಮಾನರನ್ನು ಕೊನೆಯವರೆಗೂ ನೋಡಿಕೊಂಡವಳಾಗಿ ನಾನು ಹೇಳಬೇಕಾದ್ದು ಇಷ್ಟೇ: ಸಹಾಯವನ್ನು ಕೈಸೋತ ಮೇಲೆ ಕೇಳಬೇಡ, ಶುರುವಿನಲ್ಲೇ ಕೇಳು.

ಶ್ರವಣಕುಮಾರನ ಕಥೆಯನ್ನು ನಮಗೆಲ್ಲ ಸೇವೆಯ ಪಾಠವೆಂದು ಹೇಳಿಕೊಟ್ಟರು. ಕುರುಡ ತಂದೆತಾಯಿಯನ್ನು ಕಾವಡಿಯಲ್ಲಿ ಹೊತ್ತು ತಿರುಗಿದ ಮಗ ಅವನು. ಆದರೆ ನೀರು ತರಲು ಹೋದಾಗ ದಶರಥನ ಬಾಣ ತಾಗಿ ಸತ್ತ ಮೇಲೆ ಏನಾಯಿತು? ಆ ಮುದಿಜೀವಗಳಿಗೆ ಇನ್ನೊಂದು ಹೆಗಲು ಇರಲಿಲ್ಲ, ಅವರೂ ಉಳಿಯಲಿಲ್ಲ. ಒಬ್ಬರೇ ಹೊತ್ತ ಸೇವೆ ಎಷ್ಟು ದೊಡ್ಡದಾದರೂ ಆ ಒಬ್ಬರು ಬಿದ್ದ ದಿನ ನಿಂತುಹೋಗುತ್ತದೆ. ಅತ್ತೆಯ ಮೇಲೆ ಪ್ರೀತಿ ಇದ್ದರೆ ಎರಡನೆಯ ಹೆಗಲನ್ನು ಹುಡುಕುವುದೂ ಸೇವೆಯೇ ಎಂದು ತಿಳಿ.

ಮೊದಲು ಮನೆಯೊಳಗೇ ಹುಡುಕು. ನಿನ್ನ ಗಂಡನಿಗೆ ಅವರು ಹೆತ್ತ ತಾಯಿ. ಸ್ನಾನ, ಊಟ, ರಾತ್ರಿ ಎದ್ದು ನೋಡುವುದರಲ್ಲಿ ಅವನ ಪಾಲು ಇರಲೇಬೇಕು. ‘ಏನಾದರೂ ಬೇಕಾದರೆ ಹೇಳಿ ಅತ್ತಿಗೆ’ ಎನ್ನುವ ಮೈದುನ, ನಾದಿನಿಯರಿಗೆ ‘ಆಗಲಿ’ ಎಂದು ಫೋನ್ ಇಡಬೇಡ. ಕೆಲಸವನ್ನು ಹೆಸರಿಟ್ಟು ಹೇಳು. ದೂರದಲ್ಲಿರುವವರು ಔಷಧಿಯ ಖರ್ಚು, ವಿಮೆಯ ಕಾಗದ, ಡಾಕ್ಟರ ಅಪಾಯಿಂಟ್‌ಮೆಂಟ್ ನೋಡಿಕೊಳ್ಳಲಿ. ರಜೆಗೆ ಬಂದಾಗ ನೆಂಟರಂತೆ ಕೂರದೆ ಹದಿನೈದು ದಿನ ತಾಯಿಯ ಜವಾಬ್ದಾರಿ ಹೊರಲಿ, ನೀನು ತವರಿಗೆ ಹೋಗಿ ಬಾ. ಬೇಸರ ಗಂಟು ಕಟ್ಟುವ ಮೊದಲೇ ಈ ಮಾತು ಆಡಿಬಿಡಬೇಕು.

ಇನ್ನು ಹೊರಗಿನ ಆಸರೆ. 14567 ಹಿರಿಯ ನಾಗರಿಕರ ಸಹಾಯವಾಣಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಪಿಂಚಣಿ, ಕಾನೂನು, ಆಸ್ಪತ್ರೆ, ಆರೈಕೆ ಯಾವುದರ ಬಗ್ಗೆಯಾದರೂ ಉಚಿತವಾಗಿ ಕೇಳಬಹುದು. ಅತ್ತೆಯವರಿಗೆ 65 ದಾಟಿದ್ದು ಆದಾಯ ಮಿತಿಯೊಳಗಿದ್ದರೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ನಾಡಕಚೇರಿಯಲ್ಲಿ ಅರ್ಜಿ ಕೊಡು. ಬಿಪಿಎಲ್ ಮನೆಯ ಹಿರಿಯರಿಗೆ ಗಾಲಿಕುರ್ಚಿ, ವಾಕರ್, ಶ್ರವಣಯಂತ್ರಗಳನ್ನು ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ನಿನ್ನ ಓರಗೆಯವರಲ್ಲಿ ಅಂಗವಿಕಲ ಮಗುವನ್ನೋ ಪಾರ್ಕಿನ್‌ಸನ್ ಇರುವ ಅಪ್ಪನನ್ನೋ ನೋಡಿಕೊಳ್ಳುವವರಿದ್ದರೆ ಅವರಿಗೆ ಹೇಳು: ಎಲ್ಲಕ್ಕೂ ಮೊದಲು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಪಾರ್ಕಿನ್‌ಸನ್ ಅವುಗಳಲ್ಲೊಂದು. ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರೂ ಆರೈಕೆದಾರರೇ ಎಂದು ಅದೇ ಕಾಯ್ದೆ ಒಪ್ಪಿಕೊಂಡಿದೆ. ಸೆರೆಬ್ರಲ್ ಪಾಲ್ಸಿ, ಪಾರ್ಕಿನ್‌ಸನ್‌ನಂಥ ಕೆಲವು ಕಾಯಿಲೆಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ನಮ್ಮ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತು. ಹಣ ಸಣ್ಣದು. ಆದರೆ ಮನೆಯೊಳಗಿನ ಈ ದುಡಿಮೆಯೂ ದುಡಿಮೆ ಎಂದು ಲೆಕ್ಕಕ್ಕೆ ಬಂದದ್ದು ಸಣ್ಣದಲ್ಲ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಈ ಅರ್ಜಿಗಳ ದಾರಿ ತೋರಿಸುತ್ತಾರೆ.

ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವ ಮಗುವಿನ ತಾಯ್ತಂದೆಯರು ಇನ್ನೆರಡು ವಿಷಯ ತಿಳಿದಿರಬೇಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಗಳ ಖರ್ಚು ಭರಿಸುತ್ತದೆ. ಮಗುವಿಗೆ 18 ತುಂಬಿದ ಮೇಲೆ ಹೆತ್ತವರು ಕಾನೂನಿನ ಕಣ್ಣಲ್ಲಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಪತ್ರ ಪಡೆಯಬೇಕು.

ಈಗ ನಿನ್ನ ಅತ್ತೆಯವರ ಕಾಯಿಲೆಗೆ ಬರುತ್ತೇನೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳಿನ ಆರೋಗ್ಯದ ಕಾರ್ಯಕ್ರಮದಿಂದ ಜಿಲ್ಲಾಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಪ್ರತಿ ಸಣ್ಣ ವಿಷಯಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಡಿಮೆನ್ಷಿಯಾ ಇಂಡಿಯಾ ಅಲೈಯನ್ಸ್ ಇಂಥ ಕುಟುಂಬಗಳಿಗೆಂದೇ ಕೆಲಸ ಮಾಡುತ್ತವೆ. ಅವರು ಕೂಡಿಸುವ ಆರೈಕೆದಾರರ ಸಭೆಗಳಿಗೆ ತಪ್ಪದೆ ಸೇರು. ಡಾಕ್ಟರಿಗೆ ಹೇಳಲು ಪುರುಸೊತ್ತಿಲ್ಲದ ಎಷ್ಟೋ ವಿಷಯಗಳನ್ನು ಅನುಭವಿಸಿದ ಮನೆಯವರು ಹೇಳಿಕೊಡುತ್ತಾರೆ. ಉದಾಹರಣೆಗೆ, ಕೇಳಿದ್ದನ್ನೇ ಹತ್ತು ಸಲ ಕೇಳಿದರೆ ವಾದಿಸದೆ ಮಾತು ಬೇರೆಡೆಗೆ ತಿರುಗಿಸುವುದು, ಹೊತ್ತು ಮುಳುಗುವಾಗ ಗಲಿಬಿಲಿ ಹೆಚ್ಚುವುದರಿಂದ ದೀಪ ಬೇಗ ಹಾಕುವುದು, ಮನೆಬಿಟ್ಟು ಹೊರಟರೂ ಸಿಗುವಂತೆ ಫೋನ್ ನಂಬರ್ ಇರುವ ಚೀಟಿ ಅವರ ಬಳಿ ಇರಿಸುವುದು. ಅತ್ತೆ ಒಂದೆರಡು ದಿನದಲ್ಲೇ ತೀರ ಬದಲಾದರೆ ಮರೆವೇ ಹೆಚ್ಚಾಯಿತೆಂದು ಕೂರಬೇಡ. ಮೂತ್ರದ ಸೋಂಕಿದ್ದರೂ ಹೀಗಾಗುತ್ತದೆ, ತಕ್ಷಣ ತೋರಿಸು.

ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದವರ ಮನೆಯವರಿಗೆ ಕರುಣಾಶ್ರಯದ ಹೆಸರು ಹೇಳು. ಬೆಂಗಳೂರಿನ ಆ ಸಂಸ್ಥೆ 1994ರಿಂದ ಇದೆ. ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ, ಮನೆಗೂ ಬಂದು ನೋಡುತ್ತಾರೆ. ಮಾನಸಿಕ ಕಾಯಿಲೆ ಇದ್ದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಜಿಲ್ಲೆಗಳಲ್ಲಿ ಹಗಲು ಹೊತ್ತು ಇರಿಸಿಕೊಳ್ಳುವ ಮಾನಸಧಾರ ಕೇಂದ್ರಗಳಿವೆ.

ಹೋಮ್ ನರ್ಸ್ ಇಟ್ಟುಕೊಳ್ಳುವ ಅನುಕೂಲವಿದ್ದರೆ ಸಂಕೋಚ ಬೇಡ. ಏಜೆನ್ಸಿಯಿಂದ ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ ಕೇಳು. ಔಷಧಿಯ ಹೊತ್ತನ್ನು ಬರೆದು ಗೋಡೆಗೆ ಅಂಟಿಸು. ಬಂದವಳಿಗೂ ವಾರದ ರಜೆ, ಹೊತ್ತಿಗೆ ಊಟ, ಗೌರವ ಸಿಗಲಿ. ಅನುಕೂಲವಿಲ್ಲದಿದ್ದರೆ ಪಕ್ಕದ ಮನೆಯವರನ್ನೋ ಸ್ತ್ರೀಶಕ್ತಿ ಸಂಘದ ಗೆಳತಿಯನ್ನೋ ವಾರಕ್ಕೆ ಎರಡು ದಿನ ಒಂದು ಗಂಟೆ ಕೂರುವಂತೆ ಕೇಳು. ಹಿರಿಯರನ್ನು ನೋಡಿಕೊಳ್ಳುವ ಹಗಲು ಕೇಂದ್ರಗಳು ನಮ್ಮ ಸಣ್ಣ ಊರುಗಳಿಗೆ ಇನ್ನೂ ಬಂದಿಲ್ಲ. ಅವು ಬರಬೇಕೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವುದೂ ನಿಮ್ಮ ಪೀಳಿಗೆಯ ಕೆಲಸ.

ಕೊನೆಗೆ ನಿನ್ನ ವಿಷಯ. ಕೆಲಸಕ್ಕೆ ಆತುರದಲ್ಲಿ ರಾಜೀನಾಮೆ ಕೊಡಬೇಡ. ಮೊದಲು ರಜೆ ಕೇಳು, ಮನೆಯಿಂದ ದುಡಿಯುವ ಅನುಕೂಲ ಕೇಳು. ಅತ್ತೆಯನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತುವುದನ್ನು ಫಿಸಿಯೋಥೆರಪಿಸ್ಟರಿಂದ ಕಲಿ. ರಾತ್ರಿಯೆಲ್ಲ ನಿದ್ದೆಗೆಟ್ಟಾಗ ಅತ್ತೆಯ ಮೇಲೆ ಸಿಟ್ಟು ಬರುತ್ತದೆ, ‘ಇದು ಯಾವಾಗ ಮುಗಿಯುತ್ತದೋ’ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ನೀನು ಕೆಟ್ಟವಳಾಗುವುದಿಲ್ಲ. ದಣಿದವರಿಗೆಲ್ಲ ಬರುವ ಯೋಚನೆ ಅದು. ಅದನ್ನು ನುಂಗಿಕೊಳ್ಳದೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ನಿನ್ನ ಹೆಸರು ಗುಟ್ಟಾಗಿಯೇ ಉಳಿಯುತ್ತದೆ.

ಈ ವಾರವೇ ಮೂರು ಕೆಲಸ ಮಾಡು: ಮನೆಯವರೆಲ್ಲರನ್ನೂ ಕೂರಿಸಿ ಪಾಲು ಹಂಚು, 14567ಕ್ಕೆ ಕರೆ ಮಾಡು, ನಿನಗಾಗಿ ದಿನಕ್ಕೊಂದು ಗಂಟೆ ತೆಗೆದಿಡು. ಆ ಗಂಟೆಯಲ್ಲಿ ಮಲಗು, ನಡೆ, ದೇವಸ್ಥಾನಕ್ಕೆ ಹೋಗು, ಏನಾದರೂ ಮಾಡು. ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ನೀನು ಗಟ್ಟಿಯಾಗಿದ್ದರೆ ಅತ್ತೆಯೂ ಚೆನ್ನಾಗಿರುತ್ತಾರೆ.