ಹತ್ತು ಸಲದ ಹೊಗೆಸೊಪ್ಪು ಎಂಟಾಗಲಿ



ಒಂದು ಸಂಘದ ಸಭೆಯಲ್ಲಿ ಹೊಗೆಸೊಪ್ಪಿನ ಮಾತು ಬಂದಾಗ ಹಿರಿಯ ಸದಸ್ಯೆಯೊಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಸಿಸ್ಟರ್, ನಾಲ್ಕು ಸಲ ಬಿಟ್ಟು ನೋಡಿದೆ. ಮೂರನೇ ದಿನ ತಲೆ ಸಿಡಿತದೆ, ಮಕ್ಕಳ ಮೇಲೆ ರೇಗ್ತೇನೆ. ಮತ್ತೆ ಕೈ ಎಲೆ ತಟ್ಟೆಗೇ ಹೋಗ್ತದೆ" ಎಂದರು. ಉಳಿದವರು ನಕ್ಕರು. ಆದರೆ ಅದು ನಗುವ ಮಾತಲ್ಲ. ಹೊಗೆಸೊಪ್ಪಿನ ನಿಕೋಟಿನ್‌ಗೆ ದೇಹ ಒಗ್ಗಿಹೋಗಿರುತ್ತದೆ. ನಿಲ್ಲಿಸಿದ ಮೊದಲ ಕೆಲವು ದಿನ ಸಿಟ್ಟು, ತಲೆನೋವು, ನಿದ್ದೆ ಇಲ್ಲದಿರುವುದು ಸಹಜ. ಮೂರ್ನಾಲ್ಕು ವಾರದಲ್ಲಿ ಇದು ಇಳಿಯುತ್ತದೆ.

ಒಮ್ಮೆಲೇ ಬಿಡಲು ಆಗುವವರು ಬಿಡಲಿ, ಒಳ್ಳೆಯದೇ. ಗರ್ಭಿಣಿಯರಂತೂ ಕಾಯಲೇಬಾರದು. ಆಗದವರು ಲೆಕ್ಕದಿಂದ ಶುರು ಮಾಡಿ. ಸಂಘದ ಲೆಕ್ಕ ಬರೆಯಲು ಕಲಿತ ನಮಗೆ ಇದು ಕಷ್ಟವಲ್ಲ. ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ. ಎಷ್ಟು ಸಲ ಹಾಕಿದಿರಿ, ಯಾವಾಗ, ಯಾರ ಜೊತೆ, ಇಷ್ಟೇ ಬರೆಯಿರಿ. ಆ ಅಕ್ಕನ ಪುಸ್ತಕದಲ್ಲಿ ದಿನಕ್ಕೆ ಹತ್ತು ಸಲ ಇತ್ತು. ಅದರಲ್ಲಿ ನಾಲ್ಕು, ಪಕ್ಕದ ಮನೆಯವರು ತಟ್ಟೆ ಮುಂದಿಟ್ಟಾಗ ಬೇಡ ಅನ್ನಲಾಗದೆ ಹಾಕಿದ್ದು!

ಇಂಥ ಸುಲಭದ್ದನ್ನೇ ಮೊದಲು ಬಿಡಿ. ವಾರಕ್ಕೆ ಎರಡರಂತೆ ಇಳಿಸಿ. ಊಟದ ನಂತರದ್ದು ಕಷ್ಟ, ಅದು ಕೊನೆಗಿರಲಿ. ಆಸೆ ಬಂದಾಗ ನೀರು ಕುಡಿಯಿರಿ, ಬಾಯಿಗೆ ಸೋಂಪೋ ಲವಂಗವೋ ಹಾಕಿ, ಕೈಗೊಂದು ಕೆಲಸ ಕೊಡಿ. ಆ ಆಸೆ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಒಂದು ದಿನ ತಪ್ಪಿದರೆ ಅದನ್ನೂ ಬರೆಯಿರಿ, ಮರುದಿನ ಮುಂದುವರಿಸಿ. ನಾನೂ ಹೀಗೆಯೇ ಆರು ಲೋಟ ಕಾಫಿಯನ್ನು ಎರಡಕ್ಕೆ ತಂದವಳು. ಮೂರು ಸಲ ಸೋತಿದ್ದೇನೆ.

ಆದರೆ ಕಾಫಿಯ ಹಾಗೆ ಹೊಗೆಸೊಪ್ಪನ್ನು ಎರಡಕ್ಕೆ ಇಳಿಸಿ ಸಮಾಧಾನ ಪಡುವಂತಿಲ್ಲ. ಸ್ವಲ್ಪವಾದರೂ ಅದು ಬಾಯಿ ಕ್ಯಾನ್ಸರ್ ತರಬಲ್ಲ ವಸ್ತುವೇ. ಆದ್ದರಿಂದ ಪೂರ್ತಿ ನಿಲ್ಲಿಸುವ ತಾರೀಖನ್ನು ಮೊದಲೇ ಬರೆದಿಡಿ. ಇನ್ನೊಂದು ಮಾತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆ ತೋಟದ ಊರಲ್ಲಿ ಇದನ್ನು ಹೇಳಿದರೆ ಸಿಟ್ಟಾಗುವವರಿದ್ದಾರೆ. ಆದರೂ ಹೇಳದೆ ಇರಲಾರೆ.

ಬಾಯಲ್ಲಿ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಉರಿ, ಬಾಯಿ ಅಗಲ ತೆರೆಯಲು ಆಗದಿರುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ. ತಂಬಾಕು ಬಿಡಲು ಸಹಾಯ ಮಾಡುವ ಸರಕಾರದ ಉಚಿತ ಫೋನ್ ನಂಬರ್ 1800-11-2356.

ಮನೆಯವರ ಕುಡಿತದ ಬಗ್ಗೆ ಹಲವರು ಕೇಳುತ್ತೀರಿ. ಬಹಳ ವರ್ಷದಿಂದ ದಿನಾ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್ ಬರಬಹುದು. ಜೀವಕ್ಕೂ ಅಪಾಯ. ಬಾಟಲಿ ಅಡಗಿಸಿಡುವ ಮೊದಲು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಭೆಯಲ್ಲಿ ಚರ್ಚಿಸಿ:
1. ದಿನಕ್ಕೆ 20 ರೂಪಾಯಿ ಎಲೆಅಡಿಕೆ, ಹೊಗೆಸೊಪ್ಪಿಗೆ ಹೋದರೆ ವರ್ಷಕ್ಕೆ 7,300. ನಿಮ್ಮ ವರ್ಷದ ಉಳಿತಾಯ ಎಷ್ಟು?
2. ಸಭೆ ಮುಗಿದ ಮೇಲೆ ತಟ್ಟೆ ತರುವ ಪದ್ಧತಿ ನಮ್ಮ ಸಂಘದಲ್ಲಿ ಇದೆಯೇ?