ನೀರಿನಿಂದ ಗೊಬ್ಬರ

ನೀರಿಗೆ ವಿದ್ಯುತ್ತನ್ನು ಹಾಯಿಸಿ ಜಲಜನಕವನ್ನು ಬೇರ್ಪಡಿಸುವ ಪ್ರಯೋಗವನ್ನು ನಮ್ಮ ಶಾಲೆಯಲ್ಲಿ ಕಂಡಿರುವಿರಷ್ಟೆ. ಅದಕ್ಕೂ ನಿಮ್ಮ ಮನೆಯ ಗದ್ದೆಗೂ ಸಂಬಂಧವುಂಟು. ತೂಕದಲ್ಲಿ 14 ಪಾಲು ಸಾರಜನಕಕ್ಕೆ 3 ಪಾಲು ಜಲಜನಕವು ಸೇರಿ ಅಮೋನಿಯಾ ಆಗುವುದು. ಯೂರಿಯಾ ಗೊಬ್ಬರಕ್ಕೆ ಅದೇ ಮೂಲ. ಈ ಜಲಜನಕವನ್ನು ಇಂದು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದಲೂ ಕಲ್ಲಿದ್ದಲಿನಿಂದಲೂ ತೆಗೆಯುವುದರಿಂದ, ಟನ್ನು ಅಮೋನಿಯಾಕ್ಕೆ ಸುಮಾರು 2 ಟನ್ನು ಇಂಗಾಲಾಮ್ಲವಾಯುವು ಹೊರಟು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಬಿಸಿಲು, ಗಾಳಿ, ಜಲಪಾತಗಳ ವಿದ್ಯುತ್ತಿನಿಂದ ನೀರನ್ನೇ ಒಡೆದು ಪಡೆದುದು ಹಸುರು ಜಲಜನಕ. ಇದು ಕನಸಲ್ಲ, ಪಂಜಾಬಿನ ನಂಗಲ್ ಕಾರ್ಖಾನೆಯು 1960ರ ದಶಕದಲ್ಲಿಯೇ ಭಾಕ್ರಾ ವಿದ್ಯುತ್ತಿನಿಂದ ಹೀಗೆ ಗೊಬ್ಬರವನ್ನು ತಯಾರಿಸಿ, ಮುಂದೆ ಆ ಕ್ರಮವನ್ನು ಬಿಟ್ಟಿತು. ಟನ್ನು ಅಮೋನಿಯಾಕ್ಕೆ ಸುಮಾರು 10,000 ಯೂನಿಟ್ ವಿದ್ಯುತ್ತು ಬೇಕಾದುದರಿಂದ ಬೆಲೆಯೇ ದೊಡ್ಡ ತೊಡಕು. ಮೇಲಾಗಿ, ಹೊಲದಲ್ಲಿ ಮಿತಿಮೀರಿ ಚೆಲ್ಲಿದ ಗೊಬ್ಬರದಿಂದೇಳುವ ನೈಟ್ರಸ್ ಆಕ್ಸೈಡ್ ವಾಯುವನ್ನು ಹಸುರು ಜಲಜನಕವೂ ತಡೆಯಲಾರದು.